ಕೆಸರಿನ ಲೆಕ್ಕ ಕೇಳುವವರು ಯಾರು?

ಯಾವುದೇ ನಗರಸಭೆಯ ಆಯವ್ಯಯ ಪತ್ರವನ್ನು ತೆರೆದು ನೋಡಿದರೂ ಕುಡಿಯುವ ನೀರಿಗೆ ಒಂದು ಶೀರ್ಷಿಕೆ, ರಸ್ತೆಗೆ ಒಂದು ಶೀರ್ಷಿಕೆ, ಬೀದಿದೀಪಕ್ಕೆ ಒಂದು ಶೀರ್ಷಿಕೆ ಕಾಣುತ್ತದೆ. ಒಳಚರಂಡಿಗೂ ಒಂದು ಸಾಲು ಇರುತ್ತದೆ. ಆದರೆ ಕೊಳಚೆ ನೀರನ್ನು ಶುದ್ಧೀಕರಿಸಿದ ಮೇಲೆ ತೊಟ್ಟಿಯ ತಳದಲ್ಲಿ ಉಳಿಯುವ ಕೆಸರಿಗೆ ಪ್ರತ್ಯೇಕ ಲೆಕ್ಕವನ್ನು ಇಟ್ಟಿರುವ ಪಟ್ಟಣಗಳು ವಿರಳ. ಎಂಜಿನಿಯರುಗಳು ಸ್ಲಡ್ಜ್ ಎಂದು ಕರೆಯುವ ಈ ಪದಾರ್ಥ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಉದ್ಘಾಟಿಸಲು ಯಾವ ಸಚಿವರೂ ಬರುವುದಿಲ್ಲ. ಆದರೂ ಒಂದು ಶುದ್ಧೀಕರಣ ಘಟಕ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಹೇಳುವ ಅತ್ಯಂತ ಪ್ರಾಮಾಣಿಕ ಸಾಕ್ಷಿ ಎಂದರೆ ಈ ಕೆಸರೇ. ಕೊಳಚೆಯಲ್ಲಿರುವ ಕಲ್ಮಷದಲ್ಲಿ ಒಂದು ಪಾಲು ಗಾಳಿಗೆ ಸೇರುತ್ತದೆ, ಉಳಿದದ್ದು ನೀರಿನಿಂದ ಕೆಸರಿಗೆ ವರ್ಗವಾಗುತ್ತದೆ. ನೀರು ಶುದ್ಧವಾಗಿದೆ, ಕೆಸರು ಮಾತ್ರ ಹೊರಬಂದಿಲ್ಲ ಎಂದು ಯಾರಾದರೂ ಹೇಳಿದರೆ ಎರಡರಲ್ಲಿ ಒಂದು ಮಾತು ಸುಳ್ಳಾಗಿರಲೇಬೇಕು.

ಈ ಪ್ರಶ್ನೆಯನ್ನು ಬಾಗಲಕೋಟೆ ಜಿಲ್ಲೆಯ ಸಂದರ್ಭದಲ್ಲಿ ಎತ್ತುವುದಕ್ಕೆ ಕಾರಣವಿದೆ. ಹರಿಯುವ ನದಿಯ ದಂಡೆಯ ಊರಿಗೂ ನಿಂತ ನೀರಿನ ದಂಡೆಯ ಊರಿಗೂ ವ್ಯತ್ಯಾಸವಿದೆ. ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿಬಂದು ಹಳೆಯ ಬಾಗಲಕೋಟೆಯ ತಗ್ಗು ಭಾಗಗಳನ್ನು ನುಂಗಿತು. ಸಂತ್ರಸ್ತರಿಗಾಗಿ ನವನಗರ ಎದ್ದಿತು. ಮಲಪ್ರಭೆ ಬಾದಾಮಿ ತಾಲ್ಲೂಕಿನ ಸೀಮೆಯನ್ನು ದಾಟಿ, ಪಟ್ಟದಕಲ್ಲು, ಐಹೊಳೆಗಳನ್ನು ಬಳಸಿ, ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅಲ್ಲಿಯೂ ಹಿನ್ನೀರೇ, ಬಸವಣ್ಣನವರ ಐಕ್ಯಸ್ಥಳವನ್ನು ಗೋಡೆ ಕಟ್ಟಿ ಬಾವಿಯಂತೆ ರಕ್ಷಿಸಬೇಕಾಯಿತು. ನಿಂತ ನೀರಿಗೆ ಮರೆವು ಇರುವುದಿಲ್ಲ. ಈ ವರ್ಷ ಸೇರಿದ ಕೆಸರು ಮತ್ತು ರಂಜಕ ತಳದಲ್ಲಿ ಕುಳಿತು ಮುಂದಿನ ವರ್ಷದ ಪಾಚಿಗೆ ಗೊಬ್ಬರವಾಗುತ್ತದೆ. ಇದೇ ಹಿನ್ನೀರಿನಿಂದ, ಕೊಲ್ಹಾರದ ಬಳಿ ಎತ್ತಿದ ನೀರನ್ನು, ವಿಜಯಪುರ ನಗರ ಕುಡಿಯುತ್ತದೆ. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿಗೆ ನೀಡಿದೆ. ಅದು ಕಾರ್ಯರೂಪಕ್ಕೆ ಬಂದ ದಿನ ನಿಂತ ನೀರು ಊರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಕರ್ನಾಟಕದ 17 ಕಲುಷಿತ ನದಿಭಾಗಗಳ ಪಟ್ಟಿಯಲ್ಲಿ ಕೃಷ್ಣೆಯೂ ಮಲಪ್ರಭೆಯೂ ಇದ್ದವೆಂಬುದನ್ನು ಇಲ್ಲಿ ನೆನೆಯಬೇಕು.

ಈಗ ಸ್ವಲ್ಪ ಅಂಕಗಣಿತ. ಇಳಕಲ್ಲಿನ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 60 ಸಾವಿರ. ಒಳಚರಂಡಿ ಇರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80ರಷ್ಟು ಕೊಳಚೆಯಾಗಿ ಹಿಂದಿರುಗುತ್ತದೆ ಎಂಬುದು ಯೋಜನೆಗಳಲ್ಲಿ ಹಿಡಿಯುವ ರೂಢಿಯ ಅಳತೆ. ಎಲ್ಲ ಮನೆಗಳೂ ಜಾಲಕ್ಕೆ ಸೇರಿದರೆ ದಿನಕ್ಕೆ ಸುಮಾರು 65 ಲಕ್ಷ ಲೀಟರ್ ಕೊಳಚೆ. ಹತ್ತು ಲಕ್ಷ ಲೀಟರಿಗೆ ಅಂದಾಜು 200 ಕಿಲೋ ಒಣ ಘನಪದಾರ್ಥ ಎಂದು ಹಿಡಿದರೆ ದಿನಕ್ಕೆ 1,300 ಕಿಲೋ ಆಯಿತು. ಅದು ಒಣಗಿದ ತೂಕ. ತೊಟ್ಟಿಯಿಂದ ಹೊರಬರುವಾಗ ಕೆಸರಿನಲ್ಲಿ ಘನಪದಾರ್ಥ ಶೇ 2 ಮಾತ್ರ, ಮಿಕ್ಕಿದ್ದೆಲ್ಲ ನೀರು. ಅಂದರೆ ದಿನಕ್ಕೆ 65 ಸಾವಿರ ಲೀಟರ್ ತೆಳುಗಸಿ. ಹೀಗೆಯೇ ಸಾಗಿಸುವುದೆಂದರೆ ನಿತ್ಯ ಹತ್ತಾರು ಟ್ಯಾಂಕರುಗಳಲ್ಲಿ ನೀರನ್ನೇ ಹೊತ್ತು ತಿರುಗಿದಂತೆ. ನೀರನ್ನು ಹಿಂಡಿ ತೆಗೆದು ಘನಾಂಶವನ್ನು ಶೇ 20ಕ್ಕೆ ತಂದರೆ ಅದೇ ಕೆಸರು ಆರೂವರೆ ಟನ್ನಿಗೆ ಇಳಿಯುತ್ತದೆ, ಸಲಿಕೆಯಲ್ಲಿ ಎತ್ತುವಷ್ಟು ಗಟ್ಟಿಯಾಗುತ್ತದೆ. ಇಡೀ ವ್ಯವಹಾರದ ಅರ್ಥಶಾಸ್ತ್ರ ಈ 65 ಮತ್ತು ಆರೂವರೆಗಳ ನಡುವಿನ ಅಂತರದಲ್ಲಿದೆ.

ಕೆಸರು ತಾನಾಗಿ ನೀರನ್ನು ಬಿಟ್ಟುಕೊಡುವುದಿಲ್ಲ. ಅದರ ಕಣಗಳು ಅತಿ ಸೂಕ್ಷ್ಮ. ಮೇಲಾಗಿ ಅವೆಲ್ಲಕ್ಕೂ ಋಣ ವಿದ್ಯುದಂಶವಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಧನ ವಿದ್ಯುದಂಶವುಳ್ಳ ಪಾಲಿಅಕ್ರಿಲಮೈಡ್ ಎಂಬ ಪಾಲಿಮರ್‌ನ ಉದ್ದನೆಯ ಎಳೆಗಳು ಈ ಕಣಗಳನ್ನು ಹಿಡಿದು ಗೊಂಚಲು ಕಟ್ಟುತ್ತವೆ. ಗೊಂಚಲಿನ ಸಂದಿನಿಂದ ನೀರು ಇಳಿದುಹೋಗುತ್ತದೆ. ಬಳಿಕ ಸೆಂಟ್ರಿಫ್ಯೂಜ್, ಸ್ಕ್ರೂ ಪ್ರೆಸ್ ಅಥವಾ ಫಿಲ್ಟರ್ ಪ್ರೆಸ್ ಅದನ್ನು ಹಿಂಡುತ್ತದೆ. ಈ ತತ್ತ್ವ ನಮ್ಮ ಜನಕ್ಕೆ ಹೊಸದಲ್ಲ. ಮುಧೋಳ, ಮಹಾಲಿಂಗಪುರದ ಕಡೆಯ ಆಲೆಮನೆಗಳನ್ನು ಕಂಡವರಿಗೆ ಕುದಿಯುವ ಕಬ್ಬಿನ ಹಾಲಿಗೆ ಬೆಂಡೆಗಿಡದ ಲೋಳೆ ಬೆರೆಸುವ ಪದ್ಧತಿ ಗೊತ್ತು. ಲೋಳೆ ಮಡ್ಡಿಯನ್ನೆಲ್ಲ ಹಿಡಿದು ಮೇಲಕ್ಕೆ ತರುತ್ತದೆ, ಮಡ್ಡಿಯನ್ನು ಜಾಲರಿಯಿಂದ ಎತ್ತಿಹಾಕುತ್ತಾರೆ. ಎಷ್ಟು ಲೋಳೆ, ಎಷ್ಟು ಸುಣ್ಣ ಎಂಬುದು ಆ ದಿನದ ಕಬ್ಬನ್ನು ನೋಡಿ ಅನುಭವಿ ಗುಳವನು ತೀರ್ಮಾನಿಸುವ ಸಂಗತಿ. ಸುಣ್ಣ ಕೈಮೀರಿದರೆ ಬೆಲ್ಲ ಕಪ್ಪಾಗುತ್ತದೆ, ಪೇಟೆಯಲ್ಲಿ ಬೆಲೆ ಬೀಳುತ್ತದೆ. ಆಲೆಮನೆಯ ಮಾಲೀಕನಿಗೆ ತಪ್ಪಿನ ಬೆಲೆ ಅಂದೇ ತಿಳಿಯುತ್ತದೆ. ಕೊಳಚೆ ಘಟಕದ ಮಾಲೀಕರಾದ ನಮಗೆ ಅದು ತಿಳಿಯುವುದೇ ಇಲ್ಲ.

ಪಾಲಿಮರ್‌ನ ಪ್ರಮಾಣ ತಪ್ಪುವುದಕ್ಕೆ ಎರಡು ದಾರಿಗಳಿವೆ. ಕಡಿಮೆಯಾದರೆ ಗೊಂಚಲು ಕಟ್ಟುವುದಿಲ್ಲ. ಸೆಂಟ್ರಿಫ್ಯೂಜಿನಿಂದ ಹೊರಬರುವ ನೀರು ಕರ್ರಗೆ ಇರುತ್ತದೆ. ಆ ನೀರು ಘಟಕದ ಆರಂಭಕ್ಕೇ ಮರಳುವುದರಿಂದ ಹಿಡಿದ ಕೆಸರಿನ ಒಂದು ಭಾಗ ಒಳಗೊಳಗೇ ಸುತ್ತುತ್ತಿರುತ್ತದೆ. ಇಳಕಲ್ಲಿನ ಲೆಕ್ಕದಲ್ಲಿ ಐದರಲ್ಲಿ ಒಂದು ಪಾಲು ತಪ್ಪಿಸಿಕೊಂಡರೂ ದಿನಕ್ಕೆ 260 ಕಿಲೋ. ವಾರ ಕಳೆಯುವುದರಲ್ಲಿ ತೊಟ್ಟಿಗಳು ತುಂಬುತ್ತವೆ. ಮಳೆ ಬಂದ ರಾತ್ರಿ ಕೆಸರು ಶುದ್ಧ ನೀರಿನ ಕಟ್ಟೆಯನ್ನು ದಾಟಿ ಹಳ್ಳ ಸೇರುತ್ತದೆ. ಹೆಚ್ಚಾದರೆ ಕಣಗಳ ವಿದ್ಯುದಂಶವೇ ತಿರುಗಿಬಿದ್ದು ಅವು ಮತ್ತೆ ಚದರುತ್ತವೆ. ಅಂಟಂಟಾದ ಕೆಸರು ಯಂತ್ರದ ಬಟ್ಟೆಯನ್ನು, ಜಾಲರಿಯನ್ನು ಮುಚ್ಚುತ್ತದೆ. ನೆಲಕ್ಕೆ ಚೆಲ್ಲಿದ ದ್ರಾವಣದ ಮೇಲೆ ಕಾಲಿಟ್ಟ ಕೆಲಸಗಾರ ಜಾರಿ ಬೀಳುತ್ತಾನೆ. ಉಳಿದ ಪಾಲಿಮರ್ ನೀರಿನೊಡನೆ ಹೋದರೆ ಮೀನಿನ ಕಿವಿರುಗಳಿಗೆ ಅಂಟಿಕೊಂಡು ಅವುಗಳ ಉಸಿರು ಕಟ್ಟಿಸುತ್ತದೆ. ಹಿನ್ನೀರಿನ ಮೀನುಗಾರಿಕೆಯನ್ನು ನಂಬಿದ ಕುಟುಂಬಗಳಿರುವ ಜಿಲ್ಲೆಯಲ್ಲಿ ಇದನ್ನು ಸಣ್ಣ ಮಾತೆಂದು ತಳ್ಳಿಹಾಕಲಾಗದು.

ಸರಿಯಾದ ಪ್ರಮಾಣವನ್ನು ಒಮ್ಮೆ ಕಂಡುಹಿಡಿದು ಗೋಡೆಯ ಮೇಲೆ ಬರೆದಿಟ್ಟರೆ ಸಾಲದೇ ಎಂಬ ಪ್ರಶ್ನೆ ಬರಬಹುದು. ಸಾಲದು. ಪಂಪು ನಿಮಿಷಕ್ಕೆ ಇಷ್ಟು ಲೀಟರ್ ಪಾಲಿಮರ್ ಎಂದು ನಿಗದಿಯಾಗಿರುತ್ತದೆ, ಕೆಸರು ಹಾಗಿರುವುದಿಲ್ಲ. ತೊಟ್ಟಿಯ ತಳದಿಂದ ಬೆಳಿಗ್ಗೆ ಎಳೆದ ಕೆಸರಿನಲ್ಲಿ ಘನಾಂಶ ಶೇ 3 ಇದ್ದರೆ ಮಧ್ಯಾಹ್ನದ ಹೊತ್ತಿಗೆ ಅದು ಶೇ 1ಕ್ಕೆ ಇಳಿದಿರಬಹುದು. ಪಂಪನ್ನು ಮುಟ್ಟದಿದ್ದರೂ ಕಿಲೋ ಒಣ ಕೆಸರಿಗೆ ಬೀಳುವ ಪಾಲಿಮರ್ ಮೂರು ಪಟ್ಟಾಯಿತು. ಬಾದಾಮಿಯಲ್ಲಿ ರಜಾದಿನಗಳಿಗೆ ಬರುವ ಪ್ರವಾಸಿಗರಿಂದ ಕೊಳಚೆಯ ಪ್ರಮಾಣವೂ ಗುಣವೂ ಬದಲಾಗುತ್ತವೆ. ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವ ಮನೆಗಳ ನೀರು ಬಂದ ದಿನ ಒಂದು ಬಗೆ, ಬಾರದ ದಿನ ಇನ್ನೊಂದು ಬಗೆ. ಆದ್ದರಿಂದ ನಿಯಂತ್ರಣವೆಂದರೆ ಕೆಸರಿನ ಹರಿವು ಮತ್ತು ಘನಾಂಶ ಎರಡನ್ನೂ ಅಳೆದು, ಅವುಗಳ ಗುಣಲಬ್ಧಕ್ಕೆ ಅನುಗುಣವಾಗಿ ಪಾಲಿಮರ್ ಪಂಪಿನ ವೇಗವನ್ನು ಬದಲಿಸುವುದು. ಜೊತೆಗೆ ಹೊರಬರುವ ನೀರಿನ ತಿಳಿಯನ್ನು ನೋಡಿ ತಿದ್ದುವುದು. ದೊಡ್ಡ ನಗರಗಳ ಘಟಕಗಳಲ್ಲಿ ಸಂವೇದಕಗಳೂ ಗಣಕಗಳೂ ಇದನ್ನು ಮಾಡಬಲ್ಲವು. ಸಣ್ಣ ಪಟ್ಟಣಗಳಲ್ಲಿ ಸಂವೇದಕದ ಕಣ್ಣಿಗೆ ಕೆಸರು ಮೆತ್ತಿ ಕೆಲವೇ ತಿಂಗಳಲ್ಲಿ ಅದು ಕುರುಡಾಗುತ್ತದೆ. ಅಲ್ಲಿಗೆ ಬೇಕಾದದ್ದು ಐದು ಬೀಕರುಗಳು, ಒಂದು ತಕ್ಕಡಿ, ಒಂದು ಒಲೆ ಮತ್ತು ಪ್ರತಿ ಪಾಳಿಯಲ್ಲಿ ಹತ್ತು ನಿಮಿಷ ಪರೀಕ್ಷೆ ಮಾಡಬಲ್ಲ ತರಬೇತಾದ ಮನುಷ್ಯ. ಐದು ಬೀಕರುಗಳಲ್ಲಿ ಐದು ಪ್ರಮಾಣದ ಪಾಲಿಮರ್ ಬೆರೆಸಿ ಯಾವುದರಲ್ಲಿ ಗೊಂಚಲು ಗಟ್ಟಿ, ನೀರು ತಿಳಿ ಎಂದು ನೋಡಿದರೆ ಆ ಹೊತ್ತಿನ ಉತ್ತರ ಸಿಗುತ್ತದೆ.

ಇನ್ನೊಂದು ಸ್ಥಳೀಯ ತೊಡಕನ್ನೂ ಹೇಳಬೇಕು. ಪಾಲಿಮರ್ ಪುಡಿಯನ್ನು ಶೇ 0.1ರಿಂದ 0.5ರಷ್ಟು ತೆಳುವಾಗಿ ನೀರಿನಲ್ಲಿ ಕದಡಿ, ಅದರ ಎಳೆಗಳು ಬಿಚ್ಚಿಕೊಳ್ಳಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಡಬೇಕು. ಗಡಸು ಮತ್ತು ಸವುಳು ನೀರಿನಲ್ಲಿ ಎಳೆಗಳು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಖರೀದಿಸಿದ ಮಾಲಿನ ಒಂದು ಪಾಲು ವ್ಯರ್ಥವಾಗುತ್ತದೆ. ಬಾಗಲಕೋಟೆ ಸೀಮೆಯ ಕೊಳವೆಬಾವಿಗಳ ನೀರು ಹೇಗಿರುತ್ತದೆಂದು ಅಲ್ಲಿ ಬಟ್ಟೆ ಒಗೆದವರೆಲ್ಲ ಬಲ್ಲರು. ಕೊಳವೆಬಾವಿಯ ನೀರಿನಲ್ಲೇ ಪಾಲಿಮರ್ ಕದಡುವ ಘಟಕ ತನಗೇ ತಿಳಿಯದೆ ನಿತ್ಯ ನಷ್ಟ ಮಾಡಿಕೊಳ್ಳುತ್ತದೆ. ತೇವ ತಗುಲಿ ಗಂಟುಕಟ್ಟಿದ ಚೀಲದ ಪುಡಿಯ ಗತಿಯೂ ಅಷ್ಟೇ.

ಹಾಗಾದರೆ ಸರಿಯಾದ ಪ್ರಮಾಣ ಯಾವುದು? ಅದು ಅತಿ ಕಡಿಮೆ ಪಾಲಿಮರ್ ಬಳಸುವ ಪ್ರಮಾಣವಲ್ಲ, ಅತಿ ಒಣ ಕೆಸರು ಕೊಡುವ ಪ್ರಮಾಣವೂ ಅಲ್ಲ. ಸೆಂಟ್ರಿಫ್ಯೂಜಿಗೆ ಸಾಮಾನ್ಯವಾಗಿ ಟನ್ ಒಣ ಕೆಸರಿಗೆ 4ರಿಂದ 10 ಕಿಲೋ ಪಾಲಿಮರ್ ಬೇಕಾಗುತ್ತದೆ. ಕಿಲೋಗೆ 250 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಟನ್ನಿಗೆ 5 ಕಿಲೋ ಹಾಕಿದಾಗ ಘನಾಂಶ ಶೇ 16, 7 ಕಿಲೋ ಹಾಕಿದಾಗ ಶೇ 20 ಬರುತ್ತದೆ ಎನ್ನಿ. ದಿನಕ್ಕೆ 1,300 ಕಿಲೋ ಒಣ ಕೆಸರಿರುವ ಪಟ್ಟಣಕ್ಕೆ ಹೆಚ್ಚುವರಿ ಖರ್ಚು 650 ರೂಪಾಯಿ, ಸಾಗಿಸಬೇಕಾದ ಭಾರದಲ್ಲಿ ಉಳಿತಾಯ ಸುಮಾರು 1.6 ಟನ್. ಒಂದು ಟನ್ ಕೆಸರನ್ನು ಎತ್ತಿ, ಸಾಗಿಸಿ, ವಿಲೇವಾರಿ ಮಾಡುವ ವೆಚ್ಚ 400 ರೂಪಾಯಿಗಿಂತ ಹೆಚ್ಚಿದ್ದರೆ ಇದು ಲಾಭದ ಮಾತು. ಅಲ್ಲಿಂದ ಮುಂದೆ 10 ಕಿಲೋಗೆ ಏರಿಸಿದಾಗ ಘನಾಂಶ ಶೇ 20.5ಕ್ಕೆ ಮಾತ್ರ ಹೋಗುತ್ತದೆ ಎಂದಾದರೆ ಹೆಚ್ಚುವರಿ ಖರ್ಚು 975 ರೂಪಾಯಿ, ಉಳಿತಾಯ ಸುಮಾರು 160 ಕಿಲೋ. ಅಂದರೆ ತಪ್ಪಿಸಿದ ಪ್ರತಿ ಟನ್ನಿಗೆ ಆರು ಸಾವಿರಕ್ಕೂ ಹೆಚ್ಚು. ಮೊದಲ ಎರಡು ಕಿಲೋ ವಿವೇಕ, ನಂತರದ ಮೂರು ಕಿಲೋ ದುಂದು. ಅರ್ಥಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗೂ ತಿಳಿದ ಸೀಮಾಂತ ವೆಚ್ಚದ ತತ್ತ್ವವಿದು. ಆದರೆ ಈ ಲೆಕ್ಕ ಮಾಡಬೇಕಾದರೆ ಪಾಲಿಮರ್‌ನ ವೆಚ್ಚವೂ ಸಾಗಣೆಯ ವೆಚ್ಚವೂ ಒಂದೇ ಜೇಬಿನಿಂದ ಹೋಗಬೇಕು.

ಸಮಸ್ಯೆಯ ಗಂಟು ಇರುವುದು ಇಲ್ಲಿಯೇ. ಘಟಕಗಳ ನಿರ್ವಹಣೆಯನ್ನು ಗುತ್ತಿಗೆಗೆ ಕೊಡುವಾಗ ಈ ಎರಡು ಜೇಬುಗಳನ್ನು ಬೇರೆಬೇರೆ ಮಾಡಿಬಿಡುತ್ತೇವೆ. ಮಾಸಿಕ ಇಡಿಗಂಟಿನಲ್ಲಿ ಪಾಲಿಮರ್ ಗುತ್ತಿಗೆದಾರನದು, ಸಾಗಣೆ ನಗರಸಭೆಯದು ಎಂದಾದರೆ ಆತ ಪಾಲಿಮರ್ ಉಳಿಸುತ್ತಾನೆ. ಸಾಮಗ್ರಿ ನಗರಸಭೆಯದು, ಯಂತ್ರದ ದುರಸ್ತಿ ಗುತ್ತಿಗೆದಾರನದು ಎಂದಾದರೆ ಆತ ಚೀಲದ ಮೇಲೆ ಚೀಲ ಸುರಿಯುತ್ತಾನೆ. ಎರಡೂ ಪ್ರಸಂಗಗಳಲ್ಲಿ ಆತನನ್ನು ದೂರಿ ಫಲವಿಲ್ಲ. ನಾವು ಬರೆದುಕೊಟ್ಟ ಕರಾರಿಗೆ ಆತ ವಿಧೇಯನಾಗಿದ್ದಾನೆ ಅಷ್ಟೇ. ಸೇವೆಯಲ್ಲಿದ್ದ ದಿನಗಳಲ್ಲಿ, ಈ ಜಿಲ್ಲೆಯ ಹೊರಗಿನ ಒಂದು ಪಟ್ಟಣದ ಘಟಕದಲ್ಲಿ, ದಿನಚರಿ ಪುಸ್ತಕವನ್ನು ತಿರುವಿ ನೋಡಿದ್ದೆ. ಮೂರು ತಿಂಗಳ ಪ್ರತಿ ದಿನವೂ ಪಾಲಿಮರ್ ಬಳಕೆಯ ಅಂಕಿ ಒಂದೇ ಆಗಿತ್ತು, ಭಾನುವಾರಗಳೂ ಸೇರಿದಂತೆ, ಶಾಯಿಯೂ ಒಂದೇ. ಕೆಸರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗ ‘ಸದ್ಯಕ್ಕೆ ಹೆಚ್ಚು ಬರುತ್ತಿಲ್ಲ ಸಾರ್’ ಎಂಬ ಉತ್ತರ ಬಂತು. ಅಂದು ನಾನು ಪುಸ್ತಕಕ್ಕೆ ಸಹಿ ಮಾಡಿ ಹೊರಟೆ. ಆ ಉತ್ತರದ ಅರ್ಥ ಹೊಳೆಯಲು ಕೆಲವು ವರ್ಷಗಳೇ ಬೇಕಾದವು.

ಪರಿಹಾರ ದುಬಾರಿಯದೇನಲ್ಲ. ಮೊದಲನೆಯದಾಗಿ, ಪ್ರತಿ ಘಟಕವೂ ಕೆಸರಿನ ಜಮಾಖರ್ಚು ಇಡಬೇಕು: ಒಳಬಂದ ಕೊಳಚೆ, ಅದರಿಂದ ಹುಟ್ಟಬೇಕಾದ ಒಣ ಘನಪದಾರ್ಥ, ಗೇಟಿನಲ್ಲಿ ತೂಗಿ ಹೊರಹೋದ ಕೆಸರು, ಅದರ ತೇವಾಂಶ, ಬಳಸಿದ ಪಾಲಿಮರ್. ಹುಟ್ಟಬೇಕಾದದ್ದಕ್ಕೂ ಹೊರಹೋದದ್ದಕ್ಕೂ ತಿಂಗಳ ಕೊನೆಗೆ ದೊಡ್ಡ ಅಂತರವಿದ್ದರೆ, ಆ ಅಂತರ ನದಿಯಲ್ಲಿದೆ ಎಂದೇ ತಿಳಿಯಬೇಕು. ನಮ್ಮ ತಪಾಸಣೆಯ ಗಮನವೆಲ್ಲ ಹೊರಬಿಡುವ ನೀರಿನ ಮಾದರಿಯ ಮೇಲಿದೆ. ನೀರಿನ ಮಾದರಿ ಒಂದು ಕ್ಷಣದ ಸತ್ಯ. ಅಧಿಕಾರಿ ಬರುವ ದಿನ ಅದನ್ನು ತಿಳಿಯಾಗಿ ತೋರಿಸಬಹುದು. ಕೆಸರಿನ ರಾಶಿ ಇಡೀ ತಿಂಗಳ ಸತ್ಯ. ಎರಡನೆಯದಾಗಿ, ಗುತ್ತಿಗೆದಾರನಿಗೆ ಹಣ ಪಾವತಿಯಾಗಬೇಕಾದದ್ದು ತೂಗಿ ಹೊರಹಾಕಿದ ಪ್ರತಿ ಟನ್ ಒಣ ಘನಪದಾರ್ಥಕ್ಕೆ. ಪಾಲಿಮರ್, ವಿದ್ಯುತ್ತು, ಸಾಗಣೆ ಮೂರೂ ಆತನ ಜೇಬಿನಿಂದಲೇ ಹೋಗಬೇಕು. ಆಗ ಬೀಕರಿನ ಪರೀಕ್ಷೆಯನ್ನು ಯಾರೂ ಹೇಳದೆಯೇ ಆತ ಮಾಡಿಸುತ್ತಾನೆ. ಕೆಸರಿಗೆ ಮಣ್ಣು ಬೆರೆಸಿ ತೂಕ ಹೆಚ್ಚಿಸುವ ಜಾಣತನ ಹುಟ್ಟಿಕೊಳ್ಳಬಹುದೆಂಬ ಆಕ್ಷೇಪ ಸರಿಯಾದದ್ದೇ. ಮಾದರಿಯನ್ನು ಸುಟ್ಟು ಬೂದಿಯ ಪ್ರಮಾಣ ನೋಡುವ ಸರಳ ಪರೀಕ್ಷೆ ಅದನ್ನು ಬಯಲಿಗೆಳೆಯುತ್ತದೆ. ಒಳಬಂದ ಕೊಳಚೆಯ ಲೆಕ್ಕಕ್ಕೆ ಮೀರಿದ ತೂಕಕ್ಕೆ ಹಣ ಕೊಡದಿರುವ ಷರತ್ತೂ ಇರಬೇಕು.

ಮೂರನೆಯದು ಯಂತ್ರದ ಆಯ್ಕೆ. ಎಲ್ಲ ಊರಿಗೂ ಸೆಂಟ್ರಿಫ್ಯೂಜ್ ಬೇಕೆಂಬುದು ಸರಬರಾಜುದಾರರ ವಾದವಾದೀತು. ವರ್ಷಕ್ಕೆ 600 ಮಿಲಿಮೀಟರಿನಷ್ಟೂ ಮಳೆ ಕಾಣದ, ಬಿಸಿಲೇ ಬಂಡವಾಳವಾದ ಸೀಮೆ ಇದು. ಹುನಗುಂದದಂತಹ ಸುಮಾರು 21 ಸಾವಿರ ಜನರ ಊರಿನಲ್ಲಿ ಎಲ್ಲ ಮನೆಗಳ ಕೊಳಚೆಯನ್ನು ಶುದ್ಧೀಕರಿಸಿದರೂ ದಿನಕ್ಕೆ ಹುಟ್ಟುವ ಒಣ ಕೆಸರು ಸುಮಾರು 450 ಕಿಲೋ ಅಷ್ಟೇ. ಚದರ ಮೀಟರಿಗೆ ವರ್ಷಕ್ಕೆ 100ರಿಂದ 150 ಕಿಲೋ ಒಣಗಿಸಬಲ್ಲ ಮರಳು ಹಾಸಿನ ಮಡಿಗಳಿಗೆ ಅರ್ಧ ಎಕರೆಗಿಂತ ಕಡಿಮೆ ಜಾಗ ಸಾಕು. ಕೆಸರನ್ನು ಮಡಿಗೆ ಬಿಡುವಾಗ ಸ್ವಲ್ಪ ಪಾಲಿಮರ್ ಬೆರೆಸಿದರೆ ಒಣಗುವ ಅವಧಿ ಇನ್ನೂ ತಗ್ಗುತ್ತದೆ. ಮಳೆಗಾಲದ ಎರಡು ಮೂರು ತಿಂಗಳಿಗೆ ಮೇಲ್ಛಾವಣಿ ಅಥವಾ ಬಾಡಿಗೆಯ ಸಂಚಾರಿ ಪ್ರೆಸ್ ಒದಗಿಸಿದರಾಯಿತು. ಬಾದಾಮಿಗೂ ಇದೇ ಮಾತು ಅನ್ವಯಿಸುತ್ತದೆ. 2015ರಲ್ಲಿ ಕೇಂದ್ರದ ಹೃದಯ್ ಯೋಜನೆಗೆ ದೇಶದ 12 ಪಾರಂಪರಿಕ ನಗರಗಳಲ್ಲಿ ಒಂದಾಗಿ ಆಯ್ಕೆಯಾದ ಊರಿಗೆ ಗುಹಾಲಯದ ಮೆಟ್ಟಿಲಿನಷ್ಟೇ ಚರಂಡಿಯ ಕೊನೆಯೂ ಮರ್ಯಾದೆಯ ಪ್ರಶ್ನೆ. ಒಳಚರಂಡಿ ತಲುಪದ ಬಡಾವಣೆಗಳ ಶೌಚಗುಂಡಿಗಳನ್ನು ಹೀರುವ ಟ್ಯಾಂಕರುಗಳಿಗೂ ಇಂತಹ ಮಡಿಗಳೇ ಆಶ್ರಯ. ಬೆಂಗಳೂರಿನ ಹೊರವಲಯದ ದೇವನಹಳ್ಳಿಯಲ್ಲಿ 2015ರಿಂದ ಕೆಲಸ ಮಾಡಿದ ಮಲತ್ಯಾಜ್ಯ ಘಟಕ ಗುರುತ್ವ ಮತ್ತು ಬಿಸಿಲನ್ನೇ ನೆಚ್ಚಿಕೊಂಡದ್ದು. ಬಾಗಲಕೋಟೆ ನಗರ ಮತ್ತು ಇಳಕಲ್ಲಿಗೆ ಮಾತ್ರ, ಪ್ರಮಾಣ ದೊಡ್ಡದಿರುವ ಕಾರಣ, ಯಂತ್ರದ ವಿಚಾರ ಸಮಂಜಸವಾದೀತು.

ಇಳಕಲ್ಲಿನ ಬಗ್ಗೆ ಒಂದು ಎಚ್ಚರಿಕೆ. ಸೀರೆ ಮತ್ತು ಗ್ರಾನೈಟ್ ಆ ಊರಿನ ಎರಡು ಕಣ್ಣುಗಳು. ಕಲ್ಲು ಕೊಯ್ದು ಹೊಳಪು ಕೊಡುವ ಘಟಕಗಳ ಬೂದು ರಾಡಿ ಒಳಚರಂಡಿಗೆ ಸೇರಿದರೆ ಅದು ಪಂಪನ್ನೂ ಸೆಂಟ್ರಿಫ್ಯೂಜನ್ನೂ ಉಪ್ಪುಕಾಗದದಂತೆ ಉಜ್ಜಿ ಸವೆಸುತ್ತದೆ. ಆ ರಾಡಿಗೂ ಪಾಲಿಮರ್ ಮದ್ದೇ, ಆದರೆ ಬೇರೆ ಜಾತಿಯದು. ಅದನ್ನು ಅಲ್ಲಿಯೇ ತಿಳಿಗೊಳಿಸಿ ನೀರನ್ನು ಮರಳಿ ಬಳಸುವುದು ಘಟಕಗಳಿಗೂ ಉಳಿತಾಯ. ಬಣ್ಣದ ಮನೆಗಳದು ಇನ್ನೂ ನಾಜೂಕಿನ ಪ್ರಶ್ನೆ. ಅವು ಸಣ್ಣ ಕುಟುಂಬಗಳ ಕಸುಬು. ನೋಟಿಸು ಜಾರಿ ಮಾಡಿ ಮುಚ್ಚಿಸುವುದು ಸುಲಭ, ಸಾಮಾನ್ಯ ಶುದ್ಧೀಕರಣ ವ್ಯವಸ್ಥೆಯೊಂದನ್ನು ಕಟ್ಟಿಕೊಡುವುದು ನ್ಯಾಯ. ಭೌಗೋಳಿಕ ಗುರುತಿನ ಮನ್ನಣೆ ಪಡೆದ ಸೀರೆಯ ಹೆಮ್ಮೆಯಲ್ಲಿ ಪಾಲು ಕೇಳುವ ಸರ್ಕಾರ ಅದರ ಬಣ್ಣದ ನೀರಿನ ಹೊಣೆಯಲ್ಲಿಯೂ ಪಾಲು ಹೊರಬೇಕು. ಏಕೆಂದರೆ ಒಣಗಿದ ಕೆಸರನ್ನು ಹೊಲಕ್ಕೆ ಹಾಕಬಹುದೇ ಎಂಬುದು ಇದರ ಮೇಲೆಯೇ ನಿಂತಿದೆ. ಮನೆಗಳ ಕೊಳಚೆಯ ಕೆಸರು, ರೋಗಾಣುಗಳನ್ನು ನಾಶಪಡಿಸಿ ಭಾರಲೋಹಗಳ ಪರೀಕ್ಷೆ ಮಾಡಿದ ಮೇಲೆ, ಸಾವಯವ ಅಂಶ ಕಳೆದುಕೊಂಡ ನೆಲಕ್ಕೆ ಒಳ್ಳೆಯ ಆಹಾರ. ಪರೀಕ್ಷೆಯಲ್ಲಿ ಸೋತದ್ದನ್ನು ಪೂರ್ತಿ ಒಣಗಿಸಿ ಜಿಲ್ಲೆಯಲ್ಲಿಯೇ ಇರುವ ಸಿಮೆಂಟ್ ಕುಲುಮೆಗಳಲ್ಲಿ ಉರಿಸುವ ಸಾಧ್ಯತೆಯನ್ನೂ ಪರಿಶೀಲಿಸಬಹುದು.

2021ರ ಅಕ್ಟೋಬರ್ 1ರಂದು ಆರಂಭವಾದ ಅಮೃತ್ 2.0 ಮತ್ತು ಸ್ವಚ್ಛ ಭಾರತ ಅಭಿಯಾನದ ನಗರ ವಿಭಾಗದ ಎರಡನೇ ಹಂತ, ಸಣ್ಣ ಪಟ್ಟಣಗಳ ಬಳಸಿದ ನೀರಿನ ನಿರ್ವಹಣೆಗೂ ಕೇಂದ್ರದ ಹಣ ತಂದವು. ಇದು ಸ್ವಾಗತಾರ್ಹ. ಆದರೆ ಆ ನೆರವು ಮುಖ್ಯವಾಗಿ ಕಟ್ಟುವುದಕ್ಕೆ; ನಡೆಸುವ ಖರ್ಚು ಪುರಸಭೆಯದೇ. ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕಟ್ಟಿ ಹಸ್ತಾಂತರಿಸಿದ ಘಟಕವನ್ನು, ತೆರಿಗೆ ವಸೂಲಿಯೇ ಸಾಲದ ಪುರಸಭೆ ಒಬ್ಬ ಕಿರಿಯ ಎಂಜಿನಿಯರನ ಹೆಗಲಿಗೆ ಹಾಕುತ್ತದೆ. ನಾಲ್ಕು ಪಟ್ಟಣಗಳಿಗೆ ನಾಲ್ವರು ತಜ್ಞರು ಸಿಗಲಾರರು. ಜಿಲ್ಲಾ ಮಟ್ಟದಲ್ಲಿ ಒಂದು ಪ್ರಯೋಗಾಲಯ, ಇಬ್ಬರು ರಸಾಯನ ತಜ್ಞರು, ಒಂದು ಸಂಚಾರಿ ವಾಹನ ಇದ್ದರೆ ಸಾಕು. ಪಾಲಿಮರ್ ಖರೀದಿಯ ಮೊದಲು ಮೂರು ನಾಲ್ಕು ಮಾದರಿಗಳನ್ನು ಅವರು ಆಯಾ ಊರಿನ ಕೆಸರಿನ ಮೇಲೆಯೇ ಪರೀಕ್ಷಿಸಲಿ. ಕಿಲೋಗೆ ಅಗ್ಗವಾದ ಪುಡಿ ಟನ್ ಕೆಸರಿಗೆ ದುಬಾರಿಯಾಗುವುದುಂಟು. ಕನಿಷ್ಠ ದರದ ಟೆಂಡರಿಗೆ ಈ ಸೂಕ್ಷ್ಮ ಕಾಣುವುದಿಲ್ಲ.

ಒಂದು ಅಣೆಕಟ್ಟೆಗಾಗಿ ಬಾಗಲಕೋಟೆಯ ಜನ ತಮ್ಮ ಮನೆ, ಅಂಗಡಿ, ಗುಡಿಗಳನ್ನು ನೀರಿಗೆ ಬಿಟ್ಟುಕೊಟ್ಟರು. ಆ ನೀರು ನಾಡಿನ ಹೊಲಗಳಿಗೆ, ನೆರೆಯ ನಗರದ ನಲ್ಲಿಗಳಿಗೆ ಹೋಗುತ್ತಿದೆ. ಅಷ್ಟು ಬೆಲೆ ತೆತ್ತು ನಿಲ್ಲಿಸಿದ ನೀರಿನ ತಳಕ್ಕೆ ನಿತ್ಯವೂ ಎಷ್ಟು ಕೆಸರು ಇಳಿಯುತ್ತಿದೆ ಎಂದು ತಿಳಿಯುವ ಹಕ್ಕು ಅವರಿಗಿದೆ. ಅದಕ್ಕಾಗಿ ಹೊಸ ಕಾಯಿದೆ ಬೇಕಿಲ್ಲ. ನಗರಸಭೆಯ ಮುಂದಿನ ಸಾಮಾನ್ಯ ಸಭೆಯಲ್ಲಿ ಒಬ್ಬ ಸದಸ್ಯ ಎದ್ದು ನಿಂತು, ಕಳೆದ ತಿಂಗಳು ನಮ್ಮ ಘಟಕದಿಂದ ಎಷ್ಟು ಟನ್ ಕೆಸರು ಹೊರಬಂತು, ಅದು ಎಲ್ಲಿಗೆ ಹೋಯಿತು ಎಂಬ ಒಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕುಳಿತುಕೊಳ್ಳದಿದ್ದರೆ ಸಾಕು.